“ಹತ್ತು ಸ್ಪೀಡ್ ಅಂದ್ರೆ ಹತ್ತು ಸ್ಪೀಡೇ ಸಾರ್” ಅಂದರೆ ಡಿರೇಲರ್ ಹಾಕಿಸಬೇಡಿ

ರೋಡ್ ಬೈಕ್ ಸೈಕಲ್ಲಿನ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬದಲಿಸಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ನಂದಿ ಬೆಟ್ಟದ ಏರಿನಲ್ಲಿ, ಅತಿ ಹಗುರ ಗೇರಿಗೆ ಹಾಕಿದ ಕೂಡಲೇ ನನ್ನ ಡಿರೇಲರ್ ಚಕ್ರದ ಕಡ್ಡಿಗಳೊಳಗೆ ನುಗ್ಗಿತು. ಅದನ್ನು ಸೈಕಲ್ಲಿನ ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಮುರಿಯಿತು, ಚೈನ್ ತಿರುಚಿಕೊಂಡಿತು, ಕಡ್ಡಿಗಳು ತುಂಡಾದವು. ಏರುದಾರಿಯಾದ್ದರಿಂದ ವೇಗವಿರಲಿಲ್ಲ, ಕಾಲೂರಿ ನಿಂತೆ. ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೋಗುವಾಗ, ಹಿಂದೆ ಲಾರಿ ಬರುತ್ತಿರುವಾಗ ಚಕ್ರ ಹೀಗೆ ಹಿಡಿದುಕೊಂಡರೆ ಏನಾಗುತ್ತದೆ ಎನ್ನುವ ಭಯವೇ ಇದನ್ನು ಬರೆಸುತ್ತಿದೆ.

ನನ್ನ ಸೈಕಲ್ಲಿನ ಗೇರುಗಳು ಶಿಮಾನೊ ಕಂಪನಿಯ ಟಿಯಾಗ್ರ 4700 ಮಾದರಿಯವು, ಹಿಂದೆ ಹತ್ತು ಗೇರು. ನಿಲ್ಲಿಸಿದ್ದ ಸೈಕಲ್ ಬಲಕ್ಕೆ ಬಿದ್ದು ಡಿರೇಲರ್ ಬಾಗಿತ್ತು. ಅಂಗಡಿಯಲ್ಲಿ 4700 ಇರಲಿಲ್ಲ. ಅದಕ್ಕೂ ಹಿಂದಿನ ತಲೆಮಾರಿನ ಹತ್ತು ಸ್ಪೀಡಿನದೊಂದಿತ್ತು. “ಹತ್ತು ಸ್ಪೀಡ್ ಅಂದ್ರೆ ಹತ್ತು ಸ್ಪೀಡೇ ಸಾರ್, ಕಣ್ಣು ಮುಚ್ಚಿ ಹಾಕಿ” ಎಂದರು. ಇಲ್ಲೇ ಇರುವುದು ಅಪಾಯ.

2015ರಲ್ಲಿ ಟಿಯಾಗ್ರ 4700 ಬಂದಾಗ ಗೇರಿನ ಸಂಖ್ಯೆ ಹತ್ತೇ ಉಳಿಯಿತು, ಆದರೆ ಒಳಗಿನ ಲೆಕ್ಕ ಬದಲಾಯಿತು. ಹಳೆಯ ರೋಡ್ ಡಿರೇಲರ್‌ನಲ್ಲಿ ಕೇಬಲ್ಲನ್ನು 1 ಮಿ.ಮೀ. ಎಳೆದರೆ ಅದು ಸುಮಾರು 1.7 ಮಿ.ಮೀ. ಸರಿಯುತ್ತದೆ. 4700, ಹನ್ನೊಂದು ಸ್ಪೀಡಿನವುಗಳ ಹಾಗೆ, ಸುಮಾರು 1.4 ಮಿ.ಮೀ. ಮಾತ್ರ ಸರಿಯುತ್ತದೆ. ಅದನ್ನು ಸರಿದೂಗಿಸಲು 4700ರ ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರ್ ಲಿವರ್) ಪ್ರತಿ ಕ್ಲಿಕ್ಕಿಗೂ ಹೆಚ್ಚು ಕೇಬಲ್ ಎಳೆಯುತ್ತದೆ. ಹೊಸ ಶಿಫ್ಟರ್‌ಗೆ ಹಳೆಯ ಡಿರೇಲರ್ ಕಟ್ಟಿದರೆ ಪ್ರತಿ ಕ್ಲಿಕ್ಕಿನಲ್ಲೂ ಅದು ಅಗತ್ಯಕ್ಕಿಂತ ಹೆಚ್ಚು ಒಳಗೆ ಹೋಗುತ್ತದೆ, ದೊಡ್ಡ ಹಲ್ಲುಚಕ್ರ ತಲುಪುವಷ್ಟರಲ್ಲಿ ಆ ಹೆಚ್ಚುವರಿಯೆಲ್ಲ ಒಟ್ಟುಗೂಡಿರುತ್ತದೆ. ಕೇಬಲ್ಲಿನ ಬಿಗಿತ ಹೊಂದಿಸುವ ಬ್ಯಾರೆಲ್ ಅಡ್ಜಸ್ಟರ್ ಎಷ್ಟೇ ತಿರುಗಿಸಿದರೂ ಇದು ಸರಿಹೋಗದು, ಏಕೆಂದರೆ ಅದು ಬದಲಿಸುವುದು ಡಿರೇಲರ್ ಹೊರಡುವ ಜಾಗವನ್ನು, ಒಂದೊಂದು ಹೆಜ್ಜೆಯ ಅಳತೆಯನ್ನಲ್ಲ.

ಸ್ಟ್ಯಾಂಡಿನ ಮೇಲೆ ನಡುವಿನ ಗೇರುಗಳು ಚೆನ್ನಾಗಿಯೇ ಬಿದ್ದವು. ಕೊನೆಯ ಕ್ಲಿಕ್ ಮಾತ್ರ ಕೂರಲಿಲ್ಲ. ಕೂರದಂತೆ ತಡೆಯುತ್ತಿದ್ದುದು ‘ಎಲ್’ ಸ್ಕ್ರೂ. ಡಿರೇಲರ್ ಕಡ್ಡಿಯ ಕಡೆಗೆ ದಾಟದ ಹಾಗೆ ಕಾಯುವುದೇ ಅದರ ಕೆಲಸ. ಮೆಕ್ಯಾನಿಕ್ ಆ ಸ್ಕ್ರೂವನ್ನೇ ಸಡಿಲಿಸಿ ಕ್ಲಿಕ್ ಕೂರಿಸಿ “ಆಯ್ತು ಸಾರ್” ಎಂದು ಕೊಟ್ಟ. ಕಾವಲಿಗಿದ್ದ ಒಂದೇ ಒಂದು ತಡೆಯೂ ಹೋಯಿತು. ಬಿದ್ದ ಸೈಕಲ್ಲಿನ ಹ್ಯಾಂಗರ್ ನೆಟ್ಟಗಿದೆಯೇ ಎಂದು ಗೇಜ್ ಇಟ್ಟು ನೋಡಲೂ ಇಲ್ಲ. ಹ್ಯಾಂಗರ್ ತುಸು ಒಳಕ್ಕೆ ಬಾಗಿದ್ದರೂ ಡಿರೇಲರ್ ಕಡ್ಡಿಗಳಿಗೆ ಇನ್ನಷ್ಟು ಹತ್ತಿರವಾಗುತ್ತದೆ.

“ಮೌಂಟನ್ ಬೈಕಿನದು ಹಾಕಿ, ನಡೆಯುತ್ತೆ” ಎನ್ನುವವರೂ ಇದ್ದಾರೆ. ಶಿಮಾನೊದ ಒಂಬತ್ತು ಸ್ಪೀಡಿನ ಕಾಲದಲ್ಲಿ ಆ ಮಾತು ನಿಜವೇ ಆಗಿತ್ತು. ಹತ್ತು ಸ್ಪೀಡಿನ ಮೌಂಟನ್ ಡಿರೇಲರ್‌ಗಳು ಬಂದ ಮೇಲೆ ಅಲ್ಲ.

ಇನ್ನೊಂದು ವಿಷಯ, ಕೇಜಿನ (ಚೈನನ್ನು ಬಿಗಿಯಾಗಿಡುವ ಡಿರೇಲರ್ ತೋಳಿನ) ಉದ್ದ. ಬೆಟ್ಟ ಹತ್ತಲೆಂದು ಈಗ ಎಲ್ಲರೂ 11-34 ಕ್ಯಾಸೆಟ್ (11ರಿಂದ 34 ಹಲ್ಲಿನವರೆಗಿನ ಹಿಂದಿನ ಹಲ್ಲುಚಕ್ರಗಳ ಗುಚ್ಛ) ಹಾಕಿಸುತ್ತಿದ್ದಾರೆ. ಮುಂದೆ 50-34 ಇದ್ದರೆ ಅಲ್ಲಿ 16 ಹಲ್ಲಿನ ವ್ಯತ್ಯಾಸ, ಹಿಂದೆ 23, ಒಟ್ಟು 39. ಉದಾಹರಣೆಗೆ, ಶಿಮಾನೊದ ಇನ್ನೊಂದು ಮಾದರಿ 105 ಆರ್7000ರ ಉದ್ದ ಕೇಜ್, ಅಂದರೆ ‘ಜಿಎಸ್’, ಸರಿಯಾಗಿ 39 ಹಲ್ಲಿನ ವ್ಯತ್ಯಾಸ ತಡೆದುಕೊಳ್ಳುತ್ತದೆ, 34 ಹಲ್ಲಿನವರೆಗೂ ಹೋಗುತ್ತದೆ. ಗಿಡ್ಡ ಕೇಜ್ ‘ಎಸ್ಎಸ್’ ತಡೆಯುವುದು 35, ಹಲ್ಲು 30ರವರೆಗೆ. ಗಿಡ್ಡದನ್ನೇ ಹೇಗೋ ಕೂರಿಸಿದರೆ ಎರಡು ಕಡೆಯೂ ಚಿಕ್ಕ ಹಲ್ಲಿನಲ್ಲಿ ಚೈನ್ ಜೋತುಬೀಳುತ್ತದೆ. ಅದನ್ನು ತಪ್ಪಿಸಲು ಚೈನ್ ಕತ್ತರಿಸಿದರೆ ಎರಡು ಕಡೆಯೂ ದೊಡ್ಡ ಹಲ್ಲಿಗೆ ಹಾಕಿದ ದಿನ ಡಿರೇಲರ್ ಕಿತ್ತುಬರುತ್ತದೆ.

ಆಮೇಲೆ ಬೇರೊಬ್ಬರ ಬಳಿ ಸರಿಯಾದ 4700 ಜಿಎಸ್ ಹಾಕಿಸಿದೆ. ಅವರು ಮೊದಲು ಹೊಸ ಹ್ಯಾಂಗರನ್ನು ಗೇಜಿನಿಂದ ನೆಟ್ಟಗಾಗಿಸಿದರು. ಕೇಬಲ್ ಕಟ್ಟುವ ಮೊದಲೇ ‘ಎಚ್’ (ಹೊರಬದಿಯ ತಡೆ) ಮತ್ತು ‘ಎಲ್’ ಸ್ಕ್ರೂಗಳನ್ನು ಕೂರಿಸಿದರು. ಕೊನೆಗೆ ದೊಡ್ಡ ಹಲ್ಲಿಗೆ ಹಾಕಿ, ಡಿರೇಲರನ್ನು ಕೈಯಿಂದಲೇ ಕಡ್ಡಿಯ ಕಡೆ ಒತ್ತಿ, ಪೆಡಲ್ ತಿರುಗಿಸಿ, ಚೈನ್ ದಾಟುವುದಿಲ್ಲವೆಂದು ನನಗೇ ತೋರಿಸಿದರು. ಸೈಕಲ್ ಈಸಿಕೊಳ್ಳುವಾಗ ನೀವೂ ಇದನ್ನು ಮಾಡಿಸಿ. ಅರ್ಧ ನಿಮಿಷದ ಕೆಲಸ. ಒತ್ತಿದಾಗ ಚೈನ್ ದಾಟಿತೋ, ಅಂಗಡಿಯಿಂದ ಹೊರಗೆ ತರಬೇಡಿ.

ಮೊದಲಿನ ಅಂಗಡಿಯವರು ಒಂದು ರೂಪಾಯಿಯನ್ನೂ ಹಿಂತಿರುಗಿಸಲಿಲ್ಲ. “ನೀವು ಏರಿನಲ್ಲಿ ಜೋರಾಗಿ ತುಳೀತಾ ಗೇರ್ ಹಾಕಿದ್ರಿ” ಎಂದರು. ಬಿಲ್ಲಿನಲ್ಲಿ “ಡಿರೇಲರ್, 10 ಸ್ಪೀಡ್” ಎಂದಷ್ಟೇ ಇತ್ತು. ಡಿರೇಲರ್‌ನ ಒಳಬದಿಯಲ್ಲಿ ‘ಆರ್‌ಡಿ’ ಎಂದು ಶುರುವಾಗುವ ಮಾದರಿ ಸಂಖ್ಯೆ ಅಚ್ಚಾಗಿರುತ್ತದೆ. ನಿಮ್ಮ ಶಿಫ್ಟರ್ ಸಂಖ್ಯೆಯ ಜೊತೆ ಅದನ್ನು ಶಿಮಾನೊದವರ ಹೊಂದಾಣಿಕೆ ಪಟ್ಟಿಯಲ್ಲಿ ನೋಡಿ, ಹಣ ಕೊಡುವ ಮೊದಲೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.