ನೆಟ್ ಬಂದ್ ಆದ ದಿನಕ್ಕೆ ಬ್ರಯರ್ ಆಪ್: ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ

ಸಾಮಾನ್ಯ ಜನ ತಮ್ಮದೇ ಸರ್ಕಾರದ ವಿರುದ್ಧ ಎಂದಾದರೂ ತಿರುಗಿಬೀಳುತ್ತಾರೆಯೇ ಎಂಬುದನ್ನು ಕೋಪದಿಂದ ಅಳೆಯಲು ಆಗುವುದಿಲ್ಲ. ಕೋಪ ವರ್ಷಗಟ್ಟಲೆ ಮನೆಯೊಳಗೇ ಕುದಿಯುತ್ತಾ ಇರಬಲ್ಲದು. ತಾನು ಹೊರಬಂದರೆ ಪಕ್ಕದ ಮನೆಯವರೂ ಬರುತ್ತಾರೆ ಎಂಬ ಖಾತ್ರಿ ಸಿಕ್ಕ ದಿನ ಅದು ಬೀದಿಗಿಳಿಯುತ್ತದೆ. ಆಳುವವರಿಗೂ ಇದು ಗೊತ್ತು. ಅದಕ್ಕೇ ಮೊದಲ ಏಟು ಬೀಳುವುದು ಜನರ ನಡುವಿನ ಮಾತಿನ ಮೇಲೆ. 2011ರ ಜನವರಿ 28ರಂದು ಈಜಿಪ್ಟ್ ಸರ್ಕಾರ ದೇಶದ ಇಂಟರ್ನೆಟ್ಟನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಕಡಿದುಹಾಕಿತು. ಬಾಂಗ್ಲಾದೇಶದಲ್ಲಿ 2024ರ ಜುಲೈ 18ರಿಂದ ನೆಟ್ ನಿಂತಿತು. ನೇಪಾಳ 2025ರ ಸೆಪ್ಟೆಂಬರ್‌ನಲ್ಲಿ 26 ಸಾಮಾಜಿಕ ಜಾಲತಾಣಗಳಿಗೆ ತಡೆ ಹಾಕಿತು. ಮೂರೂ ಕಡೆ ಕೆಲವೇ ದಿನ ಅಥವಾ ವಾರಗಳಲ್ಲಿ ಅಧಿಕಾರದಲ್ಲಿದ್ದವರು ಇಳಿದರು. ಹಾಗೆಂದು ಇದನ್ನೇ ನಿಯಮ ಅಂದುಕೊಳ್ಳುವ ಹಾಗಿಲ್ಲ: 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರ್‌ನ ಸೇನೆಯೂ ನೆಟ್ ಕಡಿಯಿತು, ಲಕ್ಷಾಂತರ ಜನ ಬೀದಿಗೆ ಬಂದರೂ ಸೇನೆ ಕುರ್ಚಿ ಬಿಡಲಿಲ್ಲ.

ಅಂಥ ದಿನಗಳಿಗೆಂದೇ ಕಟ್ಟಿದ, ಸಂದೇಶ ಕಳಿಸುವ ಆಪ್‌ಗಳಲ್ಲಿ ಬ್ರಯರ್ ಹೆಚ್ಚು ಶ್ರದ್ಧೆಯಿಂದ ಮಾಡಿದ್ದು. ಉಚಿತ, ಜಾಹೀರಾತಿಲ್ಲ, ಮೂಲ ಕೋಡ್ ಎಲ್ಲರಿಗೂ ಮುಕ್ತ. ಮೊದಲ ಪೂರ್ಣ ಆವೃತ್ತಿ ಬಂದದ್ದು 2018ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ ಹೊರಗಿನ ತಜ್ಞರಿಂದ ಭದ್ರತಾ ಪರೀಕ್ಷೆ ಮಾಡಿಸಿದ್ದರು. ಫೋನ್ ನಂಬರ್ ಕೇಳುವುದಿಲ್ಲ, ಇಮೇಲ್ ಕೇಳುವುದಿಲ್ಲ. ಒಂದು ಅಡ್ಡಹೆಸರು, ಒಂದು ಪಾಸ್‌ವರ್ಡ್, ಅಷ್ಟೇ. ನೆಟ್ ಇದ್ದಾಗ ಸಂದೇಶಗಳು ಯಾರು ಯಾರಿಗೆ ಕಳಿಸಿದರೆಂಬ ಜಾಡನ್ನು ಮರೆಮಾಡುವ ಟಾರ್ ಜಾಲದ ಮೂಲಕ ಹೋಗುತ್ತವೆ; ನೆಟ್ ಇಲ್ಲದಾಗ ಬ್ಲೂಟೂತ್ ಅಥವಾ ವೈಫೈ ಮೂಲಕ ಒಂದು ಫೋನಿನಿಂದ ಇನ್ನೊಂದಕ್ಕೆ ನೇರವಾಗಿ ದಾಟುತ್ತವೆ. ನಡುವೆ ಯಾವ ಕಂಪನಿಯ ಸರ್ವರ್ ಕೂಡ ಇಲ್ಲದ್ದರಿಂದ, ಯಾರು ಯಾರ ಜೊತೆ ಮಾತಾಡಿದರು ಎಂಬ ಪಟ್ಟಿಯನ್ನು ಒಂದೇ ಕಡೆಯಿಂದ ವಶಪಡಿಸಿಕೊಳ್ಳಲು ಸಾಧ್ಯವಿಲ್ಲ.

ದೊಡ್ಡ ಕೊರತೆಯನ್ನು ಮೊದಲೇ ಹೇಳಿಬಿಡಬೇಕು. ಬ್ರಯರ್ ಇರುವುದು ಆಂಡ್ರಾಯ್ಡ್‌ಗೆ ಮಾತ್ರ, ಜೊತೆಗೆ ಕಂಪ್ಯೂಟರಿಗೊಂದು ಆವೃತ್ತಿ. ಆಪ್ ಹಿನ್ನೆಲೆಯಲ್ಲಿ ಸದಾ ಎಚ್ಚರವಾಗಿರಬೇಕು, ಐಫೋನ್ ಅದಕ್ಕೆ ಬಿಡುವುದಿಲ್ಲ. ಗುಂಪಿನಲ್ಲಿ ನಾಲ್ಕು ಜನರ ಕೈಯಲ್ಲಿ ಐಫೋನ್ ಇದ್ದರೆ ಆ ನಾಲ್ವರೂ ಹೊರಗುಳಿದಂತೆಯೇ ಲೆಕ್ಕ.

ಮಾತಾಡಬೇಕಾದವರನ್ನು ಮೊದಲು ಆಪ್‌ನಲ್ಲಿ ಸಂಪರ್ಕವಾಗಿ (ಕಾಂಟ್ಯಾಕ್ಟ್) ಸೇರಿಸಿಕೊಳ್ಳಬೇಕು, ಅದನ್ನು ಎದುರೆದುರು ಕೂತು ಮಾಡುವುದೇ ಒಳ್ಳೆಯದು. ಇಬ್ಬರೂ ‘ಹತ್ತಿರದಲ್ಲಿರುವ ಸಂಪರ್ಕ’ ಆಯ್ದು, ಒಬ್ಬರ ಕ್ಯೂಆರ್ ಕೋಡನ್ನು ಇನ್ನೊಬ್ಬರು ಸ್ಕ್ಯಾನ್ ಮಾಡಬೇಕು. ಒಬ್ಬರು ಮಾಡಿದರೆ ಸಾಲದು. ಹಳೆಯ ಆಂಡ್ರಾಯ್ಡ್‌ಗಳಲ್ಲಿ ಲೊಕೇಶನ್ ಆಫ್ ಇದ್ದರೆ ಬ್ಲೂಟೂತ್ ಹುಡುಕಾಟವೇ ನಡೆಯುವುದಿಲ್ಲ. ಸ್ಕ್ಯಾನ್ ಆಗಿಯೂ ಜೋಡಣೆ ಆಗುತ್ತಿಲ್ಲವೆಂದರೆ ಮೊದಲು ಅದನ್ನು ನೋಡಿ. ದೂರದಲ್ಲಿರುವವರಾದರೆ ಆಪ್ ಕೊಡುವ ಲಿಂಕ್ ಅದಲುಬದಲು ಮಾಡಿಕೊಳ್ಳಬಹುದು, ಆದರೆ ಅದಕ್ಕೆ ನೆಟ್ ಬೇಕು, ಮತ್ತು 48 ಗಂಟೆಯೊಳಗೆ ಎರಡೂ ಫೋನುಗಳು ಪರಸ್ಪರ ಸಿಗದಿದ್ದರೆ ಸೇರ್ಪಡೆ ವಿಫಲವಾಗುತ್ತದೆ. ಹಾಗೆ ಲಿಂಕ್‌ನಿಂದ ಸೇರಿಸಿದವರು ಮುಂದೆ ಪಕ್ಕದಲ್ಲೇ ನಿಂತರೂ ಬ್ಲೂಟೂತ್‌ನಲ್ಲಿ ತಾನಾಗಿ ಜೋಡಣೆ ಆಗದೇ ಹೋಗಬಹುದು. ಆಗ ಇಬ್ಬರೂ ಆ ಚಾಟ್‌ನ ಮೆನುವಿನಿಂದ ‘ಬ್ಲೂಟೂತ್ ಮೂಲಕ ಸಂಪರ್ಕಿಸಿ’ ಎಂಬುದನ್ನು ಒಟ್ಟಿಗೇ ಒತ್ತಬೇಕು. ಒಮ್ಮೆ ಇದಾಯಿತೆಂದರೆ ಮುಂದಿನ ದಾರಿ ಸಲೀಸು.

ನೆಟ್ ಹೋದ ಮೇಲೆ ಹೊಸಬರಿಗೆ ಆಪ್ ಕೊಡಲು ದಾರಿಯಿದೆ, ಬ್ರಯರ್‌ನಲ್ಲಿ ನಮಗೆ ಹೆಚ್ಚು ಮೆಚ್ಚುಗೆಯಾದ ಸೌಲಭ್ಯವೂ ಇದೇ. ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಹಂಚಿಕೆ ಒತ್ತಿದರೆ ನಿಮ್ಮ ಫೋನೇ ಒಂದು ಹಾಟ್‌ಸ್ಪಾಟ್ ಆಗುತ್ತದೆ. ಎದುರಿನವರು ಮೊದಲು ಆ ವೈಫೈಗೆ ಸೇರಿ, ಆಮೇಲೆ ತೋರಿಸಿದ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದು ಆಪ್ ಇಳಿಸಿಕೊಳ್ಳಬೇಕು. ಇಲ್ಲಿ ಎರಡು ಕಡೆ ಎಡವುತ್ತಾರೆ. ‘ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ, ಹಾಗೇ ಇರಲೇ?’ ಎಂದು ಫೋನ್ ಕೇಳಿದಾಗ ಬೇಡ ಅಂದುಬಿಡುತ್ತಾರೆ. ಇಳಿಸಿಕೊಂಡ ಮೇಲೆ ಅಪರಿಚಿತ ಮೂಲದ ಆಪ್ ಹಾಕಲು ಬ್ರೌಸರ್‌ಗೆ ಅನುಮತಿ ಕೊಡುವುದನ್ನು ಮರೆಯುತ್ತಾರೆ. ಕೆಲಸ ಮುಗಿದ ಮೇಲೆ ಆ ಅನುಮತಿಯನ್ನು ಹಿಂದಕ್ಕೆ ಪಡೆಯಿರಿ.

ಬ್ಲೂಟೂತ್, ವೈಫೈಗಳ ವ್ಯಾಪ್ತಿ ಸುಮಾರು 10 ಮೀಟರ್, ಗೋಡೆ ಅಡ್ಡ ಬಂದರೆ ಇನ್ನೂ ಕಡಿಮೆ. ಹಲವರು ತಪ್ಪು ತಿಳಿಯುವುದು ಇಲ್ಲೇ. ಬ್ರಯರ್‌ನ ಖಾಸಗಿ ಸಂದೇಶ ಅಪರಿಚಿತರ ಫೋನುಗಳ ಮೇಲೆ ಹಾರುತ್ತಾ ಊರಾಚೆ ಹೋಗುವುದಿಲ್ಲ. ಕಳಿಸಿದವರ ಫೋನಿನಿಂದ ಪಡೆಯುವವರ ಫೋನಿಗೇ ನೇರ ದಾಟಬೇಕು. ದೂರ ಹೋಗಬೇಕಾದ ಮಾತಿಗೆ ಫೋರಂ, ಅಂದರೆ ಆಪ್‌ನೊಳಗಿನ ಚರ್ಚಾಕಟ್ಟೆ, ಬಳಸಿ. ಫೋರಂನ ಬರಹ ಪ್ರತಿಯೊಬ್ಬ ಸದಸ್ಯರ ಫೋನಿನಲ್ಲೂ ಉಳಿಯುತ್ತದೆ. ಒಬ್ಬರು ಈ ಬೀದಿಯಿಂದ ಆ ಬೀದಿಗೆ ನಡೆದು ಹೋಗಿ, ಅಲ್ಲಿರುವ ತಮ್ಮ ಸಂಪರ್ಕದವರೂ ಅದೇ ಫೋರಂನಲ್ಲಿದ್ದರೆ, ಇಡೀ ಬರಹ ಅತ್ತ ದಾಟುತ್ತದೆ. ಹಳೆಯ ಕಾಲದ ಓಲೆಕಾರನ ಕೆಲಸವೇ ಇದು, ವ್ಯತ್ಯಾಸವೆಂದರೆ ಓಲೆ ಜೇಬಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ.

ಖಾಸಗಿ ಗುಂಪು ಮತ್ತು ಫೋರಂ ನಡುವಿನ ಆಯ್ಕೆಯನ್ನು ಹಗುರಾಗಿ ಮಾಡಬೇಡಿ. ಖಾಸಗಿ ಗುಂಪಿಗೆ ಹೊಸಬರನ್ನು ಕರೆಯುವ ಅಧಿಕಾರ ಅದನ್ನು ಹುಟ್ಟುಹಾಕಿದವರಿಗೆ ಮಾತ್ರ. ನುಸುಳುಕೋರರನ್ನು ತಡೆಯಲು ಇದು ಒಳ್ಳೆಯದೇ, ಆದರೆ ಹುಟ್ಟುಹಾಕಿದವರೇ ಗುಂಪು ಬಿಟ್ಟರೆ ಗುಂಪೇ ಕರಗಿಹೋಗುತ್ತದೆ. ಅವರೊಬ್ಬರನ್ನು ಬಂಧಿಸಿದರೆ ಹೊಸಬರ ಬಾಗಿಲು ಮುಚ್ಚಿದಂತೆ. ಫೋರಂಗೆ ಒಡೆಯರಿಲ್ಲ, ಯಾವ ಸದಸ್ಯರಾದರೂ ಇನ್ನೊಬ್ಬರನ್ನು ಕರೆಯಬಹುದು. ಹಾಗಾಗಿ ಯಾರ ಬಂಧನದಿಂದಲೂ ಅದು ನಿಲ್ಲದು, ಯಾರ ಎಚ್ಚರಗೇಡಿತನದಿಂದಲೂ ಅದರೊಳಗೆ ಬೇಹುಗಾರ ಬರಬಹುದು. ಸಭೆ, ಸಮಯ, ಔಷಧಿ ಎಲ್ಲಿ ಸಿಗುತ್ತದೆ ಎಂಬಂಥ ಎಲ್ಲರಿಗೂ ತಿಳಿಯಬೇಕಾದ ವಿಷಯಕ್ಕೆ ಫೋರಂ; ಹೆಸರು, ಮನೆ ವಿಳಾಸಗಳಿಗೆ ಒಬ್ಬರಿಗೊಬ್ಬರ ಚಾಟ್. ಚಿತ್ರಗಳನ್ನು ಕಳಿಸಲು ಆಗುವುದೂ ಈ ಚಾಟ್‌ನಲ್ಲೇ. ಕರೆ ಮಾಡುವ ಸೌಲಭ್ಯ ಇಲ್ಲ. ಸಂದೇಶಗಳು 7 ದಿನದಲ್ಲಿ ತಾವಾಗಿ ಅಳಿಯುವಂತೆ ಪ್ರತಿ ಚಾಟ್‌ಗೂ ಹೊಂದಿಸಬಹುದು, ಹೊಂದಿಸಿ.

ಪಾಸ್‌ವರ್ಡ್ ಮರೆತರೆ ಖಾತೆ ಹೋಯಿತು, ಆಪ್ ತೆಗೆದರೂ ಹೋಯಿತು. ಮರಳಿ ತರಲು ಯಾವ ದಾರಿಯೂ ಇಲ್ಲ. ಫೋನ್ ಆಫ್ ಆಗಿ ಮತ್ತೆ ಆನ್ ಆದಾಗಲೂ ಪಾಸ್‌ವರ್ಡ್ ಹಾಕುವ ತನಕ ಒಂದು ಸಂದೇಶವೂ ಬರುವುದಿಲ್ಲ. ಬ್ಯಾಟರಿ ಮುಗಿದು ಚಾರ್ಜ್ ಮಾಡಿದವರು ಇದನ್ನು ಮರೆತು ಇಡೀ ದಿನ ಕಾಯುವುದುಂಟು. ತಪಾಸಣೆ ಇರುವ ಕಡೆ ಹೋಗುವ ಮುನ್ನ ಸೈನ್ ಔಟ್ ಮಾಡಿ. ಪರದೆಗೆ ಬೀಗ ಹಾಕಿದರೆ ಸಾಕಾಗದು, ಸೈನ್ ಔಟ್ ಆದಾಗ ಮಾತ್ರ ದತ್ತಾಂಶ ಪಾಸ್‌ವರ್ಡಿನ ಹಿಂದೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಬೆದರಿಸಿ ಪಾಸ್‌ವರ್ಡ್ ಹೇಳಿಸುವವರ ಎದುರು ಯಾವ ಗೂಢಲಿಪಿಯೂ ನಿಲ್ಲುವುದಿಲ್ಲ ಎಂಬುದನ್ನೂ ಮರೆಯಬಾರದು.

ಬೇರೆ ಆಪ್‌ಗಳ ಪೈಕಿ ಬ್ರಿಡ್ಜಿಫೈ 2019ರ ಹಾಂಗ್‌ಕಾಂಗ್ ಪ್ರತಿಭಟನೆಗಳಲ್ಲಿ ಬಹಳ ಓಡಿತು, ಐಫೋನಿನಲ್ಲೂ ನಡೆಯುತ್ತದೆ. ಆದರೆ 2020ರಲ್ಲಿ ಸಂಶೋಧಕರು ಅದರ ಸಂದೇಶಗಳನ್ನು ಓದಬಹುದು, ಬಳಸುವವರ ಜಾಡು ಹಿಡಿಯಬಹುದು, ಒಂದೇ ಸಂದೇಶದಿಂದ ಜಾಲವನ್ನೇ ಕೆಡವಬಹುದು ಎಂದು ತೋರಿಸಿದರು. ಕಂಪನಿ ಸಿಗ್ನಲ್ ಎಂಬ ಸಂದೇಶ ಆಪ್‌ನ ಗೂಢಲಿಪಿ ವಿಧಾನ ಅಳವಡಿಸಿದ ಮೇಲೂ 2022ರಲ್ಲಿ ಮತ್ತೆ ದೋಷಗಳು ಸಿಕ್ಕವು. 2025ರಲ್ಲಿ ಬಂದ ಬಿಟ್‌ಚಾಟ್ ಬ್ಲೂಟೂತ್‌ನಲ್ಲೇ ಫೋನಿನಿಂದ ಫೋನಿಗೆ 7 ಜಿಗಿತಗಳವರೆಗೆ ಸಂದೇಶ ದಾಟಿಸುತ್ತದೆ, ಅಪರಿಚಿತರ ಗುಂಪಿಗೆ ಅದು ಅನುಕೂಲ. ಹೊರಗಿನ ಭದ್ರತಾ ಪರೀಕ್ಷೆ ಆಗಿಲ್ಲವೆಂದು ಶುರುವಿನಲ್ಲಿ ಅದನ್ನು ಮಾಡಿದವರೇ ಎಚ್ಚರಿಸಿದ್ದರು. ಸಾವಿರಾರು ಜನರ ನಡುವೆ ‘ಆ ಕಡೆ ಹೋಗಬೇಡಿ’ ಎಂದು ಕೂಗುವುದಕ್ಕೆ ಅಂಥದ್ದು ಸರಿ, ಗುಟ್ಟಿಗೆ ಬೇಡ.

ಹಾಗಾದರೆ ಬ್ರಯರ್ ಜನರನ್ನು ಬೀದಿಗೆ ತರಬಲ್ಲದೇ? ಇಲ್ಲ. ಮೊದಲೇ ಪರಿಚಯ, ನಂಬಿಕೆ ಇರುವ ಹತ್ತಿಪ್ಪತ್ತು ಜನರ ಬಳಗ ಚದುರದಂತೆ ಅದು ಹಿಡಿದಿಡುತ್ತದೆ. ಪಕ್ಕದ ಬೀದಿಯ ಅಪರಿಚಿತರೂ ಸಿದ್ಧರಿದ್ದಾರೆ ಎಂಬ ಖಾತ್ರಿಯನ್ನು ಕೊಡುವ ಶಕ್ತಿ ಅದಕ್ಕಿಲ್ಲ. ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಆ ಖಾತ್ರಿ ಕೊಟ್ಟದ್ದು ನಿಕೊಲಾಯ್ ಚರ್ಚ್‌ನ ಸೋಮವಾರ ಸಂಜೆ 5ರ ಪ್ರಾರ್ಥನೆ. ಯಾರೂ ಯಾರಿಗೂ ಫೋನ್ ಮಾಡಬೇಕಿರಲಿಲ್ಲ, ಜಾಗ ಗೊತ್ತು, ಹೊತ್ತು ಗೊತ್ತು. 1989ರ ಅಕ್ಟೋಬರ್ 9ರಂದು ಸುಮಾರು 70,000 ಜನ ಸರ್ಕಾರದ ವಿರುದ್ಧ ಮೆರವಣಿಗೆಯಲ್ಲಿ ನಡೆದರು, ಗುಂಡು ಹಾರಲಿಲ್ಲ.

ಬ್ರಯರ್‌ಗೂ ಬೇಕಾದದ್ದು ಅದೇ ಜಾಗ, ಅದೇ ಹೊತ್ತು. ಫೋನುಗಳು 10 ಮೀಟರ್ ಒಳಗೆ ಸೇರದಿದ್ದರೆ ಸಂದೇಶ ದಾಟುವುದೇ ಇಲ್ಲವಲ್ಲ. ದಿನಕ್ಕೆ ಎರಡು ಹೊತ್ತು, ಒಂದು ಜಾಗ, ಬೀದಿಗೊಬ್ಬರಂತೆ ಓಡಾಡುವವರು ಯಾರು ಎಂಬುದನ್ನು ನೆಟ್ ಇರುವಾಗಲೇ ಬಾಯಿಮಾತಿನಲ್ಲಿ ಗೊತ್ತುಮಾಡಿಕೊಳ್ಳಿ. ಆಮೇಲೆ ಒಂದು ಸಂಜೆ ಎಲ್ಲರೂ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬ್ಲೂಟೂತ್ ಮಾತ್ರ ಆನ್ ಮಾಡಿ, ಒಂದೊಂದು ಸಾಲು ಕಳಿಸಿ ನೋಡಿ. ಪಕ್ಕದಲ್ಲೇ ನಿಂತಿದ್ದರೂ ಹೆಸರಿನ ಎದುರು ಹಸಿರು ಚುಕ್ಕೆ ಮೂಡದವರ ಫೋನಿನಲ್ಲಿ ಮೊದಲು ಬ್ಯಾಟರಿ ಸೆಟ್ಟಿಂಗ್ ತೆರೆದು, ಬ್ರಯರ್ ಹಿನ್ನೆಲೆಯಲ್ಲಿ ಓಡಲು ಅನುಮತಿ ಇದೆಯೇ ಎಂದು ಪರೀಕ್ಷಿಸಿ.