ಮೂಗು ಬಾಗಿದರೆ ವಿಮಾನದ ಕಡತ ತೆರೆಯಬೇಡಿ, ಮೊದಲು ಜಾಯ್‌ಸ್ಟಿಕ್ ನೋಡಿ

ಮನೆಯ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟರ್ ಇಟ್ಟುಕೊಂಡು ವಿಮಾನ ಹಾರಿಸುವವರಲ್ಲಿ ಒಂದು ವಿನಂತಿ. ವಿಮಾನ ಸರಿಯಾಗಿ ಹಾರುತ್ತಿಲ್ಲ ಅನಿಸಿದ ಕೂಡಲೇ ಅದರ ಮಾದರಿಯ ಕಡತಕ್ಕೆ, ಅಂದರೆ ವಿಮಾನ ಹೇಗೆ ಹಾರಬೇಕೆಂದು ಸಿಮ್ಯುಲೇಟರ್‌ಗೆ ಹೇಳುವ ಫೈಲ್‌ಗೆ, ಕೈ ಹಾಕಬೇಡಿ. ನಾನು ಹಾಕಿದೆ, ಮೂರು ತಿಂಗಳ ಅಭ್ಯಾಸ ಹಾಳಾಯಿತು.

ನಾನು ಹಾರಿಸುತ್ತಿದ್ದುದು ಸೆಸ್ನಾ 172 ಎಂಬ ಪುಟ್ಟ ವಿಮಾನ. ಒಂದು ದಿನ ಅದರ ಮೂಗು ಸುಮ್ಮನೆ ಕೆಳಗೆ ಬಾಗತೊಡಗಿತು. ಕೈಬಲವಿಲ್ಲದೆ ಮೂಗನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವ ಟ್ರಿಮ್ ಚಕ್ರವನ್ನು ಎಷ್ಟು ಹಿಂದಕ್ಕೆ ತಿರುಗಿಸಿದರೂ ಸಾಲುತ್ತಿರಲಿಲ್ಲ. ಮಾದರಿ ಮಾಡಿದವರು ಮೂಗಿನ ಕಡೆ ಭಾರ ಹೆಚ್ಚಿಟ್ಟಿದ್ದಾರೆ ಎಂದು ತೀರ್ಮಾನಿಸಿ, ಗುರುತ್ವ ಕೇಂದ್ರವನ್ನು (ಇಡೀ ವಿಮಾನದ ಭಾರ ಸಮತೂಗುವ ಬಿಂದು) ಹಿಂದಕ್ಕೆ ಸರಿಸಲು ಹೊರಟೆ. ಕಡತದ ಪ್ರತಿ ತೆಗೆದಿಟ್ಟುಕೊಳ್ಳಲೂ ಇಲ್ಲ. ಆ ಕಡತ ಬರೀ ಅಕ್ಷರ ಮತ್ತು ಅಂಕಿಗಳ ಸಾಲು, ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತದೆ. ಅಷ್ಟು ಸುಲಭವಾಗಿ ತೆರೆಯುವುದೇ ಅಪಾಯ.

ನಿಜವಾದ 172ರ ಕೈಪಿಡಿಯಲ್ಲಿ ಗುರುತ್ವ ಕೇಂದ್ರವನ್ನು ಎಂಜಿನ್ ಹಿಂದಿನ ಬೆಂಕಿತಡೆ ಗೋಡೆಯಿಂದ ಹಿಂದಕ್ಕೆ, ಇಂಚುಗಳಲ್ಲಿ ಅಳೆಯುತ್ತಾರೆ. ಹಿಂದೆ ಹೋದಷ್ಟೂ ಸಂಖ್ಯೆ ದೊಡ್ಡದು. ಅದನ್ನು ಓದಿಕೊಂಡು ಕಡತದ ಸಂಖ್ಯೆಗೆ ಒಂದು ಕೂಡಿಸಿದೆ. ಮುಂದಿನ ಓಟದಲ್ಲಿ ವಿಮಾನ ರನ್‌ವೇ ಮುಗಿದರೂ ನೆಲ ಬಿಡಲಿಲ್ಲ. ಕಡತದಲ್ಲಿ ಲೆಕ್ಕ ತಲೆಕೆಳಗು: ಮುಂದಿನ ದಿಕ್ಕು ಪ್ಲಸ್, ಹಿಂದಿನದು ಮೈನಸ್. ಸರಿ ಎಂದು ಮೂಲ ಸಂಖ್ಯೆಯಿಂದ ಒಂದು ಕಳೆದೆ. ಈ ಸಲ ನೆಲ ಬಿಟ್ಟ ಕ್ಷಣವೇ ಮೂಗು ಆಕಾಶಕ್ಕೆ ಎದ್ದು, ವೇಗ ಕುಸಿದು, ಸ್ಟಾಲ್ ಆಗಿ (ರೆಕ್ಕೆ ಎತ್ತುವ ಬಲ ಕಳೆದುಕೊಂಡು) ವಿಮಾನ ಬಿತ್ತು. ಜಾಯ್‌ಸ್ಟಿಕ್ ಪೂರ್ತಿ ಮುಂದಕ್ಕೆ ತಳ್ಳಿದರೂ ಮೂಗು ಇಳಿಯಲಿಲ್ಲ.

ನಾನು ಗಮನಿಸದೆ ಹೋದದ್ದು ಅಳತೆಯ ಮಾನವನ್ನು. ಕಡತದಲ್ಲಿ ದೂರ ಇರುವುದು ಅಡಿಗಳಲ್ಲಿ. ಒಂದು ಎಂದರೆ 12 ಇಂಚು. ನಿಜವಾದ 172ರ ಎಸ್ ಆವೃತ್ತಿಯಲ್ಲಿ ಹಗುರ ತೂಕವಿದ್ದಾಗ ಗುರುತ್ವ ಕೇಂದ್ರ ಇರಬಹುದಾದ ವ್ಯಾಪ್ತಿ 35ರಿಂದ 47.3 ಇಂಚು, ಅಂದರೆ ಒಟ್ಟು 12.3 ಇಂಚು ಮಾತ್ರ. 2550 ಪೌಂಡ್ ಪೂರ್ಣ ಭಾರದಲ್ಲಿ ಮುಂದಿನ ಮಿತಿಯೇ 41 ಇಂಚಿಗೆ ಬರುವುದರಿಂದ ಉಳಿಯುವುದು ಆರು ಚಿಲ್ಲರೆ ಇಂಚು. ನಾನು ಒಂದೇ ಏಟಿಗೆ 12 ಇಂಚು ಸರಿಸಿ ಆ ಮಿತಿಯನ್ನೇ ದಾಟಿಬಿಟ್ಟಿದ್ದೆ.

ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಬದಲಿಗೆ ತೇಪೆಯ ಮೇಲೆ ತೇಪೆ ಹಾಕಿದೆ. ಆ ಕಡತದಲ್ಲಿ ಪಿಚ್ (ಮೂಗಿನ ಏರಿಳಿತ) ಸ್ಥಿರತೆ, ಮೂಗನ್ನು ಎತ್ತಿ ಇಳಿಸುವ ಬಾಲದ ಪಟ್ಟಿಯಾದ ಎಲಿವೇಟರ್‌ನ ಪರಿಣಾಮ ಮುಂತಾದವುಗಳಿಗೆ ಗುಣಕಗಳಿರುತ್ತವೆ; ಸಾಮಾನ್ಯ ಮೌಲ್ಯ 1. ಸ್ಥಿರತೆಯನ್ನು 2ಕ್ಕೆ ಏರಿಸಿದೆ, ಎಲಿವೇಟರನ್ನು 0.6ಕ್ಕೆ ಇಳಿಸಿದೆ, ಗುರುತ್ವ ಕೇಂದ್ರವನ್ನು ಅರ್ಧ ಅಡಿ ಹಿಂದೆ ಉಳಿಸಿದೆ. ವಿಮಾನ ಶಾಂತವಾಯಿತು. ಗೆದ್ದೆ ಎಂದುಕೊಂಡು ಮೂರು ತಿಂಗಳು ಪ್ರತಿ ಸಂಜೆ ಅದರಲ್ಲೇ ಲ್ಯಾಂಡಿಂಗ್ ಕಲಿತೆ.

ಬಡವಾದ ಎಲಿವೇಟರ್‌ನಿಂದ ನಿಧಾನ ವೇಗದಲ್ಲಿ ಮೂಗು ಏಳುತ್ತಿರಲಿಲ್ಲ. ಹಾಗಾಗಿ 85 ನಾಟ್ ವೇಗದಲ್ಲಿ ರನ್‌ವೇಗೆ ಬರುವುದು, ನೆಲ ಮುಟ್ಟುವ ಮುನ್ನ ಮೂಗೆತ್ತುವ ಫ್ಲೇರ್‌ನಲ್ಲಿ ಬಲವಾಗಿ ಎಳೆಯುವುದು ರೂಢಿಯಾಯಿತು. ಫ್ಲ್ಯಾಪ್ (ನಿಧಾನ ಹಾರಾಟಕ್ಕೆ ರೆಕ್ಕೆಯ ಹಿಂಬದಿಯಿಂದ ಇಳಿಸುವ ಪಟ್ಟಿ) ಪೂರ್ತಿ ಇಳಿಸಿದ 172 ಬರಬೇಕಾದ ವೇಗ 60ರಿಂದ 70 ನಾಟ್. 65ರ ಬದಲು 85ರಲ್ಲಿ ಬಂದರೆ ವಿಮಾನ ಹೊತ್ತು ತರುವ ಚಲನಶಕ್ತಿ ಸುಮಾರು 1.7 ಪಟ್ಟು. ನಿಜವಾದ ತರಬೇತಿಗೆ ಸೇರುವ ಮುನ್ನ ಮನೆಯಲ್ಲಿ ಕೈ ಪಳಗಿಸುತ್ತಿರುವವರು ಈ ಮಾತನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ.

ಆಮೇಲೆ ಸಿಮ್ಯುಲೇಟರ್‌ನ ಅಪ್‌ಡೇಟ್ ಬಂತು. ನನ್ನ ಬದಲಾವಣೆಗಳನ್ನೆಲ್ಲ ಅಳಿಸಿ ಮೂಲ ಕಡತವನ್ನು ತಂದು ಕೂರಿಸಿತು. ಮೂಗು ಮತ್ತೆ ಬಾಗಿತು. ಬೇಸರದಿಂದ ಬೇರೆ ವಿಮಾನ ತೆಗೆದರೆ ಅದರ ಮೂಗೂ ಬಾಗಿತು. ಮೂರನೆಯದೂ ಹಾಗೆಯೇ. ಎಲ್ಲ ಮಾದರಿಗಳೂ ಒಂದೇ ರೀತಿ ಕೆಡುವುದು ಹೇಗೆ? ಆಗ ಮೊದಲ ಬಾರಿಗೆ ಜಾಯ್‌ಸ್ಟಿಕ್‌ನ ಕ್ಯಾಲಿಬ್ರೇಶನ್ ಕಿಟಕಿ ತೆರೆದೆ. ಕೈ ತೆಗೆದು ನೋಡುತ್ತಾ ಕುಳಿತೆ. ಚೌಕದ ನಟ್ಟನಡುವೆ ನಿಲ್ಲಬೇಕಾದ ಗುರುತು ಒಂದು ಕೂದಲೆಳೆಯಷ್ಟು ಮೇಲೆ ನಿಂತು ಸಣ್ಣಗೆ ನಡುಗುತ್ತಿತ್ತು. ಕಡ್ಡಿ ಎಷ್ಟು ವಾಲಿದೆ ಎಂದು ಅಳೆಯುವ ಒಳಗಿನ ಪೊಟೆನ್ಶಿಯೋಮೀಟರ್ ಸವೆದಿತ್ತು. ನಾನು ಮುಟ್ಟದಿದ್ದರೂ ಅದು ದಿನವಿಡೀ ಮುಂದಕ್ಕೆ ತಳ್ಳುತ್ತಲೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆ.

ಮತ್ತೆ ಕ್ಯಾಲಿಬ್ರೇಟ್ ಮಾಡಿ, ನಡುವೆ ಸ್ವಲ್ಪ ಡೆಡ್ ಝೋನ್ (ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯದ ಜಾಗ) ಇಟ್ಟೆ. ಹತ್ತು ನಿಮಿಷದ ಕೆಲಸ. ಕಡತವನ್ನು ಮುಟ್ಟದೆಯೇ 172 ನೆಟ್ಟಗೆ ಹಾರಿತು.

ನಿಮಗೂ ಹೀಗಾದರೆ ಮೊದಲು ಇನ್ನೊಂದು ವಿಮಾನ ಹಾರಿಸಿ ನೋಡಿ. ಇಂಧನ ಮತ್ತು ಪ್ರಯಾಣಿಕರ ಭಾರವನ್ನು ಎಲ್ಲಿ ಹೇರಿದ್ದೀರಿ ಎಂದೂ ನೋಡಿ, ಎಷ್ಟೋ ಸಲ ದೋಷ ಅಲ್ಲೇ ಇರುತ್ತದೆ. ಇಷ್ಟಾದ ಮೇಲೂ ಕಡತ ತೆರೆಯಲೇಬೇಕೆಂದರೆ ಮೂಲದ ಪ್ರತಿಯನ್ನು ಬೇರೆ ಫೋಲ್ಡರ್‌ನಲ್ಲಿ ಇಡಿ, ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸಿ, ಅದೂ ದಶಮಾಂಶದಷ್ಟು.

ವಿಮಾನ ಸರಿಹೋಯಿತು, ನನ್ನ ಕೈ ಇನ್ನೂ ಸರಿಹೋಗಿಲ್ಲ. ನಿನ್ನೆ ಹತ್ತು ಬಾರಿ ಇಳಿಸಿದೆ. ಮೂರು ಬಾರಿ ಅದೇ ಹಳೆಯ ಬಲದಿಂದ ಎಳೆದು ಬಾಲವನ್ನು ರನ್‌ವೇಗೆ ಬಡಿದೆ.