ಚಿತ್ರದುರ್ಗ, ದಾವಣಗೆರೆ ನೋಡಲು ಬಾಡಿಗೆ ಕಾರು ಮಾಡುವವರೇ, ‘ಎಲ್ಲಾ ಸೇರಿ’ ಎಂಬ ಮಾತನ್ನು ನಂಬಬೇಡಿ

ಕಳೆದ ವಾರ ನಮಗಾದದ್ದು ಇನ್ನೊಂದು ಕುಟುಂಬಕ್ಕೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಬರೆಯುವುದಕ್ಕೂ ನಾಚಿಕೆಯಾಗುತ್ತಿದೆ, ಇಪ್ಪತ್ತು ವರ್ಷದಿಂದ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿರುವ ನಾನು ಖಾಲಿ ಕಾಗದಕ್ಕೆ ಸಹಿ ಹಾಕಿ ಬಂದಿದ್ದೇನೆ.

ಬಾದಾಮಿ, ಹಂಪಿ ಮುಗಿಸಿಕೊಂಡು ಪ್ರವಾಸದ ಕೊನೆಯ ಎರಡು ದಿನಗಳನ್ನು ನಾವು ಯಾರೂ ನೋಡಿರದ ಈ ಎರಡು ಊರುಗಳಿಗೆ ಇಟ್ಟುಕೊಂಡಿದ್ದೆವು. ಅಲ್ಲಿಯವರೆಗೆ ಬಸ್ಸಿನಲ್ಲೇ ಓಡಾಡಿದ್ದರೂ ಅಮ್ಮನ ಮಂಡಿನೋವು ಹೆಚ್ಚಾದ್ದರಿಂದ, ಚಿತ್ರದುರ್ಗದಲ್ಲಿ ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿ ಕಾರು ಗೊತ್ತುಮಾಡಿದೆ. ಮೊದಲ ದಿನ ಕೋಟೆ, ಚಂದ್ರವಳ್ಳಿ ಮತ್ತು ವಾಣಿವಿಲಾಸ ಸಾಗರ. ಮರುದಿನ ದಾವಣಗೆರೆ, ಹರಿಹರ ತೋರಿಸಿ ರಾತ್ರಿ ದಾವಣಗೆರೆ ರೈಲು ನಿಲ್ದಾಣಕ್ಕೆ ಬಿಡಬೇಕು. ‘ಎರಡು ದಿನಕ್ಕೆ 6,500 ಕೊಡ್ರಿ ಸರ್, ಎಲ್ಲಾ ಸೇರಿ’ ಎಂದರು ಮಾಲೀಕರು. ವಾಟ್ಸಾಪ್‌ನಲ್ಲಿ ಬರೆದು ಕಳಿಸಿ ಎಂದೆ. ‘ಇಷ್ಟಕ್ಕೆಲ್ಲ ಬರೆಯೋದೇನೈತೆ ಸರ್, ಮಾತು ಅಂದ್ರೆ ಮಾತು’ ಎಂದರು. ನಾನು 2,000 ರೂಪಾಯಿ ಮುಂಗಡ ಕಳಿಸಿಬಿಟ್ಟೆ.

ಬೆಳಿಗ್ಗೆ ಬಂದದ್ದು ವೈಟ್ ಬೋರ್ಡ್ ಗಾಡಿ. ಬಾಡಿಗೆಗೆ ಓಡಿಸುವ ಗಾಡಿಗೆ ಪರ್ಮಿಟ್ ಬೇಕು, ಹಳದಿ ಫಲಕ ಇರಬೇಕು. ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕಾಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ‘ಟ್ಯಾಕ್ಸಿ ಸರ್ವೀಸಿಗೆ ಹೋಗೈತೆ ಸರ್’ ಎಂದ ಚಾಲಕನ ಒಂದು ಮಾತಿಗೆ ಸುಮ್ಮನಾದೆ. ಮಕ್ಕಳು ಆಗಲೇ ಒಳಗೆ ಕುಳಿತಿದ್ದರು. ಟ್ರಿಪ್ ಶೀಟ್ ಚಾಚಿದ, ಸಹಿ ಹಾಕಿದೆ. ಅದರಲ್ಲಿ ಕಿಲೋಮೀಟರ್ ಬರೆಯುವ ಜಾಗ ಖಾಲಿ ಇತ್ತು. ಖಾಲಿ ಇದ್ದದ್ದನ್ನು ನೋಡಿಯೂ ಸಹಿ ಹಾಕಿದೆ.

ಊರುಗಳ ಮೇಲೆ ನನಗೆ ಯಾವ ದೂರೂ ಇಲ್ಲ. ಕೋಟೆಯಲ್ಲಿ ಒನಕೆ ಓಬವ್ವನ ಕಿಂಡಿ, ಹಿಡಿಂಬೇಶ್ವರ ಗುಡಿ ನೋಡುತ್ತ ನಾಲ್ಕು ಗಂಟೆ ಕಳೆದೆವು. ಅಷ್ಟು ಹೊತ್ತೂ ಕಾರು ಕೆಳಗೆ ನಿಂತೇ ಇತ್ತು ಎಂಬುದನ್ನು ದಯವಿಟ್ಟು ನೆನಪಿಡಿ. ಹರಿಹರದಲ್ಲಿ 1224ರ ಹೊಯ್ಸಳ ಗುಡಿಯೊಳಗೆ ಅಮ್ಮ ಹರಿಹರೇಶ್ವರನ ಮುಂದೆ ಬಹಳ ಹೊತ್ತು ಕುಳಿತಿದ್ದರು. ದಾವಣಗೆರೆಯ ಬೆಣ್ಣೆದೋಸೆಯನ್ನು ಚಾಲಕನಿಗೂ ನಮ್ಮ ಪಕ್ಕದಲ್ಲೇ ಕೂರಿಸಿ ತಿನ್ನಿಸಿದೆವು. ಅವನು ಅಮ್ಮನನ್ನು ‘ಅಜ್ಜಿ, ಅಜ್ಜಿ’ ಎಂದು ಕೈಹಿಡಿದು ನಡೆಸಿದವನು.

ರೈಲಿಗೆ ನಲವತ್ತು ನಿಮಿಷವಿತ್ತು. ನಿಲ್ದಾಣದ ಮುಂದೆ ಎಲ್ಲರೂ ಇಳಿದೆವು. ಡಿಕ್ಕಿ ತೆಗೆಯಪ್ಪಾ ಎಂದರೆ ಅವನು ತೆಗೆಯಲಿಲ್ಲ. ‘ಓನರ್ ಹತ್ರ ಒಂದು ಮಾತಾಡಿಬಿಡ್ರಿ ಸರ್’ ಎಂದು ಫೋನ್ ಕೊಟ್ಟ. ನಾನು ಕೊಡಬೇಕಾದ ಬಾಕಿ 4,500. ಅವರು ಕೇಳಿದ್ದು 7,900! 612 ಕಿಲೋಮೀಟರ್ ಆಗಿದೆ, 500ರ ಮೇಲಿನ 112ಕ್ಕೆ ಹದಿನೈದರಂತೆ 1,680, ಚಾಲಕನ ಬಾಟಾ 1,000, ನೈಟ್ ಚಾರ್ಜ್ 300, ಟೋಲ್ ಮತ್ತು ಪಾರ್ಕಿಂಗ್ 420.

‘ಎಲ್ಲಾ ಸೇರಿ ಅಂದಿದ್ರಲ್ಲ?’ ಎಂದೆ.

‘ಎಲ್ಲಾ ಸೇರಿ ಅಂದ್ರೆ ಡೀಸೆಲ್ ಸೇರಿ ಅಂತ ಸರ್.’

‘612 ಎಲ್ಲಿಂದ ಬಂತು?’

‘ಗಾಡಿ ಹೊಸದುರ್ಗದಿಂದ ಬಂದೈತೆ, ವಾಪಸ್ ಅಲ್ಲಿಗೇ ಹೋಗ್ಬೇಕು. ಟ್ರಿಪ್ ಶೀಟಲ್ಲಿ ನಿಮ್ಮ ಸೈನ್ ಐತಲ್ಲ ಸರ್, ಓದಿದೋರು ನೀವು, ನೋಡಿ ಹಾಕ್ಬೇಕಿತ್ತು.’

ಓದಿದೋರು ನೀವು ಎಂಬ ಆ ಮಾತು ಇನ್ನೂ ಚುಚ್ಚುತ್ತಿದೆ. ಬೆಳಿಗ್ಗೆ ಖಾಲಿಯಿದ್ದ ಜಾಗದಲ್ಲಿ ಈಗ ಬೇರೆ ಶಾಯಿಯಲ್ಲಿ ಅಂಕಿಗಳಿದ್ದವು, ಕೆಳಗೆ ನನ್ನ ಸಹಿ ಇತ್ತು. ನಮ್ಮ ಬಟ್ಟೆಬರೆ, ಅಮ್ಮನ ಮಾತ್ರೆಗಳು ಎಲ್ಲವೂ ಡಿಕ್ಕಿಯಲ್ಲಿದ್ದವು. ಚಾಲಕ ನೆಲ ನೋಡುತ್ತ ನಿಂತಿದ್ದ. ಪೊಲೀಸರ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುತ್ತೇನೆಂದು ಫೋನ್ ತೆಗೆದರೆ, ಅಮ್ಮ ‘ಬೇಡ ಕಣಪ್ಪಾ, ರೈಲು ತಪ್ಪುತ್ತೆ, ಕೊಟ್ಟುಬಿಡು’ ಎಂದು ಅಳುವಂತಾದರು. ಕೊಟ್ಟುಬಿಟ್ಟೆ. 7,900 ಪೂರ್ತಿ ಕೊಟ್ಟೆ. ಹಣ ಬಂದ ಸದ್ದು ಕೇಳಿದ ಮೇಲೆಯೇ ಡಿಕ್ಕಿ ತೆರೆಯಿತು.

ರೈಲಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಮೊದಲ ದಿನದ ಓಡಾಟ ಎಷ್ಟು ಎಳೆದರೂ 140 ಕಿ.ಮೀ. ದಾಟದು. ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60, ಹರಿಹರಕ್ಕೆ ಹೋಗಿಬರುವುದೂ ಸೇರಿ ಎರಡನೆಯ ದಿನಕ್ಕೆ 100 ಎನ್ನಿ. ಖಾಲಿ ಗಾಡಿ ಚಿತ್ರದುರ್ಗಕ್ಕೆ ಮರಳುವುದನ್ನು ಸೇರಿಸಿದರೂ 300. ಉಳಿದ 312 ಕಿಲೋಮೀಟರ್ ಹೊಸದುರ್ಗಕ್ಕೆ ಎಷ್ಟು ಸಲ ಹೋಗಿ ಬಂದರೆ ಆಗುತ್ತದೆ?

ಹೋಗುವವರು ಇಷ್ಟು ಮಾಡಿ. ಗಾಡಿ ಎಲ್ಲಿಂದ ಲೆಕ್ಕ, ಬಾಟಾ, ಟೋಲ್ ಸೇರಿದೆಯೇ ಎಂಬುದು ಬರಹದಲ್ಲಿ ಬಾರದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಹತ್ತುವಾಗ, ಇಳಿಯುವಾಗ ಮೀಟರಿನ ಫೋಟೋ ತೆಗೆಯಿರಿ. ವೈಟ್ ಬೋರ್ಡ್ ಬಂದರೆ ಅಲ್ಲಿಂದಲೇ ವಾಪಸ್ ಕಳಿಸಿ. ಈ ಎರಡು ಊರುಗಳ ನಡುವೆ ಬಸ್ಸಿಗೆ ಬರವಿಲ್ಲ. ಕೊನೆಯ ದಿನ, ಹಣದ ಮಾತೆತ್ತುವ ಮೊದಲು ಸಾಮಾನು ಕೆಳಗಿಳಿಸಿಕೊಳ್ಳಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಸಾರಿಗೆ ಇಲಾಖೆಗೆ ಗಾಡಿಯ ಸಂಖ್ಯೆ ಸಹಿತ ಪತ್ರ ಬರೆದಿದ್ದೇನೆ. ರಸೀದಿ ಕಳಿಸಿ ಎಂದು ಮಾಲೀಕರಿಗೆ ಮೂರು ಬಾರಿ ಸಂದೇಶ ಹಾಕಿದೆ. ನಿನ್ನೆ ಉತ್ತರ ಬಂತು: ‘ಡ್ರೈವರ್ ಹತ್ರ ಕೇಳ್ರಿ ಸರ್.’ ಚಾಲಕನ ಫೋನ್ ಸ್ವಿಚ್ ಆಫ್ ಆಗಿದೆ.